ಪುಷ್ಯದಲ್ಲಿ ಬಂದ ಬೂಟುಗಳು

ಯಡಿಯೂರು,
ಸೋಮವಾರ, ೧೬ ಫೆಬ್ರವರಿ ೧೯೫೯

ಪ್ರೀತಿಯ ಯಜಮಾನರಿಗೆ, ಕಾತ್ಯಾಯಿನಿಯ ನಮಸ್ಕಾರಗಳು.

ಮೊದಲು ನಿಮ್ಮ ಮೈ ಹೇಗಿದೆ ಹೇಳಿ. ಸಂಜೆಯ ಜ್ವರ ಇಳಿಯಿತೇ? ಕೆಮ್ಮು ನಿದ್ದೆ ಮಾಡಲು ಬಿಡುತ್ತದೆಯೇ? ಸೂಜಿ ಚುಚ್ಚಿಸಿಕೊಂಡು ತೋಳು ಗಂಟುಗಟ್ಟಿದೆ ಎಂದು ಬರೆದಿದ್ದಿರಿ, ಅದಕ್ಕೆ ಬಿಸಿನೀರಿನ ಶಾಖ ಕೊಡುವವರು ಅಲ್ಲಿ ಯಾರಾದರೂ ಇದ್ದಾರೆಯೇ? ಸ್ಯಾನಿಟೋರಿಯಂನಲ್ಲಿ ದಿನಾ ಬೆಳಿಗ್ಗೆ ಮೊಟ್ಟೆ ಕೊಡುತ್ತಾರೆಂದು ಅಣ್ಣ ಹೇಳಿದ. ತಿನ್ನುತ್ತಿದ್ದರೆ ನನಗೆ ಬರೆಯಬೇಡಿ. ತಿನ್ನದೆ ಪಕ್ಕದ ಮಂಚದವರಿಗೆ ದಾನ ಮಾಡುತ್ತಿದ್ದರೆ ಮಾತ್ರ ಬರೆಯಿರಿ, ಬೈದು ಬಹಳ ದಿನವಾಯಿತು, ನನಗೂ ಒಂದು ನೆಪ ಬೇಕು. ಸ್ವರ್ಗದಲ್ಲಿ ಕೂತಿರುವ ಅತ್ತೆಯವರು ನಮ್ಮ ಮನೆಯವನು ಮೊಟ್ಟೆ ತಿಂದನೇ ಎಂದು ನೊಂದುಕೊಂಡರೆ ಅವರಿಗೆ ಸಮಾಧಾನ ಹೇಳುವುದು ನನ್ನ ಪಾಲಿಗಿರಲಿ. ವಿಮಲಾ ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಬಿತ್ತು, ಸಗಣಿಯಲ್ಲಿ ಮುಚ್ಚಿ ಹೆಂಚಿನ ಮೇಲೆ ಎಸೆದಳು, ಅದು ಮೂರು ಸಲ ಜಾರಿ ಅವಳ ತಲೆಯ ಮೇಲೇ ಬಿತ್ತು. ಅಪ್ಪ ಇದ್ದಿದ್ದರೆ ಒಂದೇ ಏಟಿಗೆ ಎಸೆಯುತ್ತಿದ್ದರು ಎಂದು ನನ್ನನ್ನೇ ಹಂಗಿಸಿದಳು. ನಾನೂ ಚೆನ್ನಾಗಿದ್ದೇನೆ, ನನಗೇನಾಗುತ್ತದೆ.

ನಿಮಗೆ ಇದೆಲ್ಲ ಓದುವ ತಾಳ್ಮೆ ಇರುವುದಿಲ್ಲ ಎಂದು ಗೊತ್ತು. ಹೋದ ಕಾಗದದಲ್ಲಿ ನನ್ನ ಆರೋಗ್ಯಕ್ಕೆ ಅರ್ಧ ಸಾಲು, ಫೈನಲ್ ಮ್ಯಾಚಿಗೆ ಎರಡು ಪುಟ ಖರ್ಚು ಮಾಡಿದ್ದಿರಿ. ನೀನೇ ಹೋಗಿ ನೋಡು, ನನ್ನ ಕಣ್ಣಾಗಿ ನೋಡು, ಯಾರ ಬಾಯಿಂದಲೋ ಕೇಳಿ ಬರೆಯಬೇಡ ಎಂದಿದ್ದಿರಿ. ಹೋದೆ, ನೋಡಿದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಸೋತೆವು. ಸೋತದ್ದಷ್ಟೇ ಆಗಿದ್ದರೆ ಒಂದು ಕಾರ್ಡಿನಲ್ಲಿ ಮುಗಿಸುತ್ತಿದ್ದೆ. ಹೇಗೆ ಸೋತೆವು, ಅದರಿಂದ ಏನೇನಾಯಿತು ಎನ್ನುವುದನ್ನೂ ನೀವು ನನ್ನಿಂದಲೇ ಕೇಳಬೇಕು. ಬೇರೆಯವರು ಬರೆದರೆ ಹುಡುಗರ ಮೇಲೆ ತಪ್ಪು ಹೊರಿಸುತ್ತಾರೆ, ಅದನ್ನು ನೀವು ನಂಬಿಕೊಂಡು ಆ ಮಂಚದ ಮೇಲೆ ಒಬ್ಬರೇ ಒದ್ದಾಡುವುದು ಬೇಡ.

ಸಂಕ್ರಾಂತಿಯ ಮಾರನೆಯ ದಿನ ಶಾಲೆಯ ಕಮಿಟಿಯ ಸೆಕ್ರೆಟರಿಯವರು ಬಸವನಗುಡಿಯಿಂದ ಕಾರಿನಲ್ಲಿ ಬಂದಿದ್ದರು. ಹೆಡ್‌ಮಾಸ್ಟರ್ ಸೋಮಲಿಂಗಪ್ಪನವರ ಕೋಣೆಯಲ್ಲಿ ಊರಿನ ಹಿರಿಯರನ್ನೆಲ್ಲ ಕೂರಿಸಿಕೊಂಡು, ನಮ್ಮ ಮೈದಾನವೂ ಜಯನಗರದ ಹೊಸ ಲೇಔಟಿಗೆ ಸೇರುತ್ತದೆ, ಮೈದಾನ ಹೋದರೆ ಹೈಸ್ಕೂಲನ್ನು ಇಲ್ಲಿ ಇಟ್ಟುಕೊಂಡು ಫಲವಿಲ್ಲ ಎಂದರು. ನಾನು ಕಾಫಿ ಕಳಿಸಿ ಬಾಗಿಲ ಹಿಂದೆ ನಿಂತಿದ್ದೆ. ಕದ್ದು ಕೇಳುವುದು ತಪ್ಪೇ, ಆದರೆ ಆ ಮೈದಾನದ ಅಂಚಿನಲ್ಲಿ ಮನೆ ಮಾಡಿಕೊಂಡಿರುವವಳು ನಾನು, ನನಗಿಲ್ಲದ ಹಕ್ಕು ಇನ್ನಾರಿಗೆ. ಆಗ ತಿಮ್ಮರಾಯಪ್ಪನವರು ಎದ್ದು ನಿಂತರು. ನಮ್ಮ ಮನೆಗೆ ಅವರೆಕಾಯಿ ತಂದುಹಾಕಿ ಮಾತಿಲ್ಲದೆ ಹೋಗುವ ಆ ಮನುಷ್ಯನ ಬಾಯಲ್ಲಿ ಅಷ್ಟು ಮಾತಿದೆ ಎಂದು ನಾನು ತಿಳಿದಿರಲಿಲ್ಲ. ಇಲ್ಲಿಯ ಹುಡುಗರು ಪೇಟೆಯ ಶಾಲೆಗೆ ನಡೆದುಕೊಂಡು ಹೋಗುತ್ತಿದ್ದ ಕಾಲದಿಂದ ಶುರು ಮಾಡಿದರು. “ಸಗಣಿ ವಾಸ್ನೆ ಅಂತ ನನ್ ಮಗನ್ನ ಬೆಂಚಿಂದ ಎಬ್ಬಿಸಿ ಕಿಟಕಿ ತಾವ ನಿಲ್ಸಿದ್ರು ಸ್ವಾಮಿ. ಆವತ್ತೇ ಅಂದ್ಕೊಂಡೆ, ಸಗಣಿ ಸಾರ್ಸಿದ್ ಜಾಗದಲ್ಲೇ ಒಂದು ಇಸ್ಕೂಲ್ ಮಾಡ್ತೀನಿ” ಎಂದರು. ಸ್ವಾತಂತ್ರ್ಯ ಬಂದ ಎರಡನೆಯ ವರ್ಷ ಹೊಂಗೆಮರದ ಕೆಳಗೆ ಮೊದಲನೆಯ ಕ್ಲಾಸು ನಡೆದದ್ದು, ಮಳೆ ಬಂದರೆ ಹುಡುಗರು ಎತ್ತಿನ ಕೊಟ್ಟಿಗೆಯಲ್ಲಿ ಕೂತು ರೇಖಾಗಣಿತ ಕಲಿತದ್ದು, ಊರವರೇ ಮಣ್ಣು ಕಲೆಸಿ ಗೋಡೆ ಎಬ್ಬಿಸಿದ್ದು, ತಮ್ಮ ಕಣವನ್ನೇ ಆಟಕ್ಕೆ ಬಿಟ್ಟುಕೊಟ್ಟದ್ದು, ಒಂದನ್ನೂ ಬಿಡಲಿಲ್ಲ. ಸೆಕ್ರೆಟರಿಯವರು ಕೈಗಡಿಯಾರ ನೋಡಿಕೊಳ್ಳುತ್ತಲೇ ಇದ್ದರು.

ನಿಮ್ಮ ಹೆಸರೂ ಬಂತು. ಬಂತು ಎಂದರೆ, ಊರಿನಲ್ಲಿ ನಿಮಗೆ ಹೆಸರೆಲ್ಲಿದೆ, ಡ್ರಿಲ್ ಮೇಷ್ಟ್ರು ಎಂದೇ ಬಂತು. ಮದುವೆಯಾದಾಗಿನಿಂದ ಗಂಡನ ಹೆಸರು ಹೇಳಬಾರದೆಂದು ನಾನು ಕಷ್ಟಪಟ್ಟು ಕಾಪಾಡಿಕೊಂಡದ್ದನ್ನು ಇಡೀ ಊರು ಸುಮ್ಮನೆ ಪಾಲಿಸುತ್ತಿದೆ. ನೀವು ಬಂದ ಮೊದಲ ವರ್ಷ ಮೈಸೂರಿನಿಂದ ತಂದ ಸೀಟಿ ಊದಿಕೊಂಡು ಮೈದಾನಕ್ಕೆ ಹೋದರೆ ಅಲ್ಲಿ ರಾಗಿ ಮೆದೆ ಎದ್ದಿತ್ತಂತೆ. ಫುಟ್‌ಬಾಲ್ ಯಾವಾಗ ಎಂದು ಕೇಳಿದಿರಂತೆ. ರಾಗಿ ಬಡಿದಾದ ಮೇಲೆ ಎಂದರಂತೆ. ನೀವು ಸಿಟ್ಟು ಮಾಡದೆ ಅಂಗಿ ಬಿಚ್ಚಿ ಹುಡುಗರ ಜೊತೆ ಕಣಕ್ಕೆ ಇಳಿದಿರಂತೆ, ಕಾಳು ಬಿಡಿಸುವ ರೋಣಗಲ್ಲಿನ ಹಿಂದೆ ಓಡಿಸಿ ಅದನ್ನೇ ಡ್ರಿಲ್ ಎಂದಿರಂತೆ. ಬಿತ್ತುವ ಕೂರಿಗೆಯ ಸಾಲು ತೋರಿಸಿ ಹೀಗೆ ಸಾಲು ತಪ್ಪದೆ ಓಡಬೇಕು, ಒಬ್ಬನ ಸಾಲಿಗೆ ಇನ್ನೊಬ್ಬ ಕಾಲಿಡಬಾರದು ಎಂದು ಪಾಸ್ ಕೊಡುವುದನ್ನು ಕಲಿಸಿದಿರಂತೆ. ಕಂಟೋನ್ಮೆಂಟಿನ ಶಾಲೆಯವರು ಇಲ್ಲಿಗೆ ಆಡಲು ಬಂದು, ಸಗಣಿ ಸಾರಿಸಿದ ನೆಲ ನೋಡಿ ಮೂಗು ಮುಚ್ಚಿಕೊಂಡು, ಆಮೇಲೆ ಐದು ಗೋಲು ತಿಂದು ಮೂಗು ಬಿಟ್ಟು ಬಾಯಿ ಮುಚ್ಚಿಕೊಂಡು ಹೋದ ಕಥೆಯನ್ನು ತಿಮ್ಮರಾಯಪ್ಪನವರು ಹೇಳಿದಾಗ ಸೋಮಲಿಂಗಪ್ಪನವರೂ ನಕ್ಕರು. ಕಬಡ್ಡಿ, ಕೊಕ್ಕೊ, ರಾಗಿ ಚೀಲದ ಓಟ, ಆಗಸ್ಟ್ ಹದಿನೈದರ ಕವಾಯತು, ಇವೆಲ್ಲ ನಡೆದ ನೆಲ ಅದು, ಅದನ್ನು ಕಿತ್ತುಕೊಂಡರೆ ಹುಡುಗರು ಯಾವ ಮುಖ ಇಟ್ಟುಕೊಂಡು ಶಾಲೆಗೆ ಬರುತ್ತಾರೆ ಎಂದು ಕೇಳಿದರು. ಸೆಕ್ರೆಟರಿಯವರು ಎದ್ದು, “ಈ ಸಲ ಫೈನಲ್ ಮುಟ್ಟೋ ಹಾಗಿದೀರಂತಲ್ಲ, ಶೀಲ್ಡ್ ತನ್ನಿ. ಶೀಲ್ಡ್ ಗೆದ್ದ ಸ್ಕೂಲಿನ ಮೈದಾನ ಅಂದ್ರೆ ಮೇಲಿನವರ ಹತ್ರ ಮಾತಾಡೋಕೆ ನನಗೂ ಒಂದು ಬಾಯಿ ಬರುತ್ತೆ” ಎಂದರು. ಅಷ್ಟೇ ಸಾಕಾಯಿತು. ಸಂಜೆಯ ಹೊತ್ತಿಗೆ ಊರಿಗೆ ಊರೇ ಶೀಲ್ಡ್ ಬಂದರೆ ಮೈದಾನ ಉಳಿಯಿತು ಎನ್ನುತ್ತಿತ್ತು. ನಾನೂ ಹಾಗೆಯೇ ಎಂದುಕೊಂಡೆ. ಮೈದಾನ ಉಳಿದರೆ ನಿಮ್ಮ ಕೆಲಸ ಉಳಿಯುತ್ತದೆ, ಕೆಲಸ ಕಾಯುತ್ತಿದೆ ಎಂದರೆ ನೀವು ಬೇಗ ಗುಣವಾಗುತ್ತೀರಿ ಎಂದು ನನ್ನ ಲೆಕ್ಕ.

ಸೆಮಿಫೈನಲ್ ಗೆದ್ದ ಸುದ್ದಿ ನಿಮಗೆ ತಿಳಿದೇ ಇದೆ. ನಾನು ಬರೆಯದೆ ಬಿಟ್ಟದ್ದು ಒಂದಿತ್ತು. ಆವತ್ತು ನಮ್ಮ ಹುಡುಗನೊಬ್ಬನ ಹೆಬ್ಬೆರಳ ಉಗುರು ಎದುರು ಪಕ್ಷದವನ ಬೂಟಿಗೆ ಸಿಕ್ಕಿ ಕಿತ್ತುಬಂದಿತ್ತು. ಟೂರ್ನಮೆಂಟಿನವರು ನೋಡಿ ಗಾಬರಿಯಾಗಿ, ಫೈನಲ್‌ಗೆ ಬೂಟಿಲ್ಲದೆ ಯಾರನ್ನೂ ಇಳಿಸುವುದಿಲ್ಲ ಎಂದುಬಿಟ್ಟರು. ಹುಟ್ಟಿದಾಗಿನಿಂದ ಬರಿಗಾಲಲ್ಲಿ ಗದ್ದೆ ಹೊಲ ತುಳಿದ ಹುಡುಗರು. ಊರಿನವರು ಹೆದರಲಿಲ್ಲ, ಬೂಟು ತಾನೇ, ಹೊಲಿಸಿದರಾಯಿತು ಎಂದರು. ಹುಡುಗರನ್ನು ಪೇಟೆಗೆ ಕರೆದುಕೊಂಡು ಹೋಗಿ ಅಳತೆ ಕೊಡಿಸುವಷ್ಟು ಬಿಡುವು ಯಾರಿಗಿತ್ತು, ಪರೀಕ್ಷೆ ಬೇರೆ ಹತ್ತಿರ. ಮುನಿವೆಂಕಟಮ್ಮ, ತಿಮ್ಮರಾಯಪ್ಪನವರ ಹೆಂಡತಿ, ಬಳೆ ತೊಡಿಸುವವರಿಗೆ ಅಳತೆ ಕಳಿಸುವ ಹಾಗೆ ಒಂದು ಉಪಾಯ ಮಾಡಿದರು. ಒಬ್ಬೊಬ್ಬ ಹುಡುಗನ ಪಾದವನ್ನೂ ಜಗಲಿಯ ಮೇಲೆ ಇಡಿಸಿ, ಹಿಮ್ಮಡಿಯಿಂದ ಬೆರಳ ತುದಿಗೆ ಸರಿಯಾಗಿ ತೆಂಗಿನ ಕಡ್ಡಿ ಮುರಿದು, ಕಡ್ಡಿಗೊಂದು ಬಣ್ಣದ ದಾರ ಕಟ್ಟಿ ಪೇಟೆಗೆ ಕಳಿಸಿದರು. ಉದ್ದ ಸರಿಯಾಗಿಯೇ ಹೋಯಿತು. ಅಗಲವನ್ನು ಅಳೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆ ಹುಡುಗರ ಪಾದ ನೀವು ನೋಡಿಲ್ಲವೇ, ಮುಂದೆ ಮೊರದ ಹಾಗೆ ಹರಡಿಕೊಂಡಿರುತ್ತದೆ.

ಬೂಟುಗಳು ಬಂದದ್ದು ಅಮಾವಾಸ್ಯೆಗೆ ಮುಂಚೆ, ಪುಷ್ಯ ಇನ್ನೂ ಮುಗಿದಿರಲಿಲ್ಲ. ಪುಷ್ಯದಲ್ಲಿ ಹೊಸ ಬಟ್ಟೆಯನ್ನೇ ಮೈಗೆ ಹಾಕದ ಊರು ಬೂಟನ್ನು ಕಾಲಿಗೆ ಹಾಕೀತೇ. ತಿಮ್ಮರಾಯಪ್ಪನವರ ನಡುಮನೆಯಲ್ಲಿ ಪಂಚಾಯಿತಿ ಕೂತಿತು. ಬೂಟನ್ನು ಎಲ್ಲಿಡುವುದು ಎನ್ನುವುದೇ ಮೊದಲ ಪ್ರಶ್ನೆ. ಅವರ ತಮ್ಮ ಬೈರಣ್ಣ, “ಎಷ್ಟಾದ್ರೂ ಕಾಲಿನ ಕೆರ ಕಣಣ್ಣೋ, ಹೊಸ್ಲು ದಾಟಿಸ್ಬ್ಯಾಡ” ಎಂದ. ತಿಮ್ಮರಾಯಪ್ಪನವರು ಒಂದು ಬೂಟನ್ನು ತಿರುಗಿಸಿ ನೋಡಿ, “ಕಾಲಿಗಾಕ್ಕಂಡು ಸಂತೆಗೋದ್ರೆ ಕೆರ. ಆಟಕ್ಕೋದ್ರೆ ಆಯ್ದ” ಎಂದು ತೀರ್ಪು ಕೊಟ್ಟರು. ಆಯುಧವೆಂದ ಮೇಲೆ ಪೂಜೆಯೂ ಆಗಬೇಕಲ್ಲ, ಸರಿ, ನೇಗಿಲು ಕೂರಿಗೆಗಳನ್ನು ಒರಗಿಸಿದ ಮೂಲೆಯಲ್ಲಿ ರಾಗಿ ಹರಡಿ, ಅದರ ಮೇಲೆ ಬೂಟುಗಳನ್ನು ಜೋಡಿಸಿ, ಅರಿಶಿನ ಕುಂಕುಮ ಹಚ್ಚಿದರು. ನಾನೂ ವಿಮಲಾಳೂ ಹೋಗಿ ನೋಡಿಕೊಂಡು ಬಂದೆವು. ನಗು ಬಂತು, ಕಣ್ಣಲ್ಲಿ ನೀರೂ ಬಂತು. ಮಾಘ ಹುಟ್ಟಿದ ಮೇಲಾದರೂ ಹಾಕಬಹುದಿತ್ತು, ಹುಡುಗರೂ ಕೇಳಿದರು. ನಮ್ಮ ಕ್ಯಾಪ್ಟನ್ ಚಿಕ್ಕಬೈರಪ್ಪ, “ಒಂದ್ಸಲ ಹಾಕ್ಕಂಡು ಓಡಿ ನೋಡ್ತೀನಿ ತಾತ” ಎಂದು ತಿಮ್ಮರಾಯಪ್ಪನವರನ್ನು ಬೇಡಿದನಂತೆ. ಫೈನಲ್ ದಿನವೇ ರಥಸಪ್ತಮಿ, ಅದಕ್ಕಿಂತ ಒಳ್ಳೆಯ ದಿನ ಯಾವುದು, ಮೊದಲು ಹಾಕುವುದು ಗೆಲ್ಲುವ ದಿನವೇ ಆಗಲಿ ಎಂದರಂತೆ ಹಿರಿಯರು. ಸೋಮಲಿಂಗಪ್ಪನವರು ಲೆಕ್ಕದ ಮೇಷ್ಟ್ರು, ಬೂಟಿನ ವಿಚಾರ ಅವರಿಗೇನು ಗೊತ್ತು. ನನಗಂತೂ ಚಪ್ಪಲಿ ಕಚ್ಚುತ್ತದೆ ಎನ್ನುವಷ್ಟೇ ಗೊತ್ತು, ಅದೂ ಹೊಳೆಯಲಿಲ್ಲ. ನೀವೊಬ್ಬರು ಇದ್ದಿದ್ದರೆ ಎಲ್ಲರನ್ನೂ ಬೈದು ಆ ಬೂಟುಗಳನ್ನು ನೀರಲ್ಲಿ ನೆನೆಸಿ ಹುಡುಗರ ಕಾಲಿಗೆ ಅಂದೇ ತುರುಕುತ್ತಿದ್ದಿರಿ. ನೀವಿರಲಿಲ್ಲ. ಯಾವುದಕ್ಕೂ ನೀವಿಲ್ಲ ಎನ್ನುವುದು ಈಗ ಅಭ್ಯಾಸವಾಗಬೇಕಿತ್ತು, ಆಗಿಲ್ಲ.

ಶುಕ್ರವಾರ ಮಧ್ಯಾಹ್ನ, ಅಂದರೆ ಫೈನಲ್‌ಗೆ ಹಿಂದಿನ ದಿನ, ನಾನು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಒಂದು ಲಾರಿ ಬಂದು ಶಾಲೆಯ ಹಿಂಬದಿಯಲ್ಲಿ ಕಲ್ಲುಗಳನ್ನು ಇಳಿಸಿತು. ಸಣ್ಣ ಸಣ್ಣ ಕಂಬದಂಥ ಕಲ್ಲು, ತಲೆಗೆ ಬಿಳಿ ಸುಣ್ಣ, ಕೆಲವಕ್ಕೆ ನಂಬರೂ ಕೊರೆದಿತ್ತು. ಲಾರಿಯವನನ್ನು ಏನಪ್ಪಾ ಇದು ಎಂದು ಕೇಳಿದೆ. “ಸೈಟಿನ ಕಲ್ಲು ಅಮ್ಮಾ, ಸೋಮವಾರ ನೆಡೋದು” ಎಂದ. ಶನಿವಾರದ ಆಟಕ್ಕೆ ಇನ್ನೂ ಸೀಟಿಯೇ ಊದಿಲ್ಲ, ಸೋಮವಾರದ ಕಲ್ಲು ಬಂದು ಬಿದ್ದಿದೆ. ಸೆಕ್ರೆಟರಿಯವರ ಮಾತಿನ ಬೆಲೆ ನನಗೆ ಆ ಕ್ಷಣಕ್ಕೆ ಅರ್ಥವಾಯಿತು. ಶೀಲ್ಡ್ ಬಂದರೂ ಅಷ್ಟೆ, ಬರದಿದ್ದರೂ ಅಷ್ಟೆ. ಯಾರಿಗೆ ಹೇಳಲಿ? ಮೈದಾನದಲ್ಲಿ ಹುಡುಗರು ಬರಿಗಾಲಲ್ಲಿ ಕೊನೆಯ ಸಲ ಅಭ್ಯಾಸ ಮಾಡುತ್ತಿದ್ದರು, ಚಿಕ್ಕಬೈರಪ್ಪ ನಿಮ್ಮ ಹಾಗೆಯೇ ಸೊಂಟಕ್ಕೆ ಕೈ ಕೊಟ್ಟು ಕೂಗುತ್ತಿದ್ದ. ಹೇಳಿದರೆ ಅವರ ಕೈಕಾಲು ಬಿದ್ದುಹೋಗುತ್ತಿತ್ತು. ಬಟ್ಟೆ ಹರವಿ ಒಳಗೆ ಬಂದು ಕದ ಹಾಕಿಕೊಂಡೆ.

ಶನಿವಾರ ಬೆಳಿಗ್ಗೆ ಎಕ್ಕದ ಎಲೆ ತಲೆಗಿಟ್ಟು ಎಲ್ಲ ಹುಡುಗರಿಗೂ ಸ್ನಾನವಾಯಿತು. ಆಮೇಲೆ ತಿಮ್ಮರಾಯಪ್ಪನವರ ಮನೆ ಮುಂದೆ ಒಬ್ಬೊಬ್ಬರನ್ನೇ ಪೂರ್ವಕ್ಕೆ ಮುಖ ಮಾಡಿ ಕೂರಿಸಿ ಬಲಗಾಲಿಗೆ ಮೊದಲು ಬೂಟು ಹಾಕಿಸಿದರು. ತೂರಲಿಲ್ಲ. ಹಿಂದಿನಿಂದ ಇಬ್ಬರು ಹಿಡಿದು ಮುಂದಿನಿಂದ ಒಬ್ಬರು ತಳ್ಳಿ, ಹೆರಿಗೆ ಮನೆಯ ಗದ್ದಲ. ಹುಡುಗರು ಹಲ್ಲು ಕಚ್ಚಿ ನಕ್ಕರು, ದೊಡ್ಡವರ ಮನಸ್ಸು ನೋಯಿಸಬಾರದೆಂದು ಯಾರೂ ನೋಯುತ್ತದೆ ಎನ್ನಲಿಲ್ಲ. ನಾವು ಹೆಂಗಸರು ಮುನಿವೆಂಕಟಮ್ಮನ ಗಾಡಿಯಲ್ಲಿ ಹೊರಟೆವು. ಎತ್ತಿನ ಕೊಂಬಿಗೂ ಬಣ್ಣ, ಕೊರಳಿಗೂ ಗಂಟೆ. ಪೇಟೆಯ ಆ ದೊಡ್ಡ ಮೈದಾನದಲ್ಲಿ ಹೆಂಗಸರೆಂದರೆ ನಾವೇ, ಒಂದು ಮರದ ಕೆಳಗೆ ಸೆರಗು ಹೊದ್ದು ಕೂತೆವು. ನೆಲವೆಲ್ಲ ಗರಸು, ನೋಡಿದರೇ ಅಂಗಾಲು ಉರಿಯುವಂಥದ್ದು.

ಆಟ ನನಗೆ ತಿಳಿಯುವುದಿಲ್ಲ ಎಂದು ನೀವು ಯಾವಾಗಲೂ ನಗುತ್ತೀರಿ. ಈ ಆಟ ತಿಳಿಯಲು ಏನೂ ಬೇಕಿರಲಿಲ್ಲ. ನಮ್ಮ ಹುಡುಗರು ಓಡುತ್ತಿರಲಿಲ್ಲ, ಕೆಂಡ ತುಳಿಯುತ್ತಿದ್ದರು. ಸಾಲು ಬಿಟ್ಟು ಒಬ್ಬರ ಮೇಲೊಬ್ಬರು ಬಿದ್ದರು. ಕಾಲಲ್ಲಿ ಕಣ್ಣಿದ್ದವರ ಕಾಲಿಗೆ ಬಟ್ಟೆ ಕಟ್ಟಿದಂತಾಗಿತ್ತು, ಚೆಂಡು ಎಲ್ಲಿ ತಗಲಿತೆಂದೇ ಅವರಿಗೆ ಗೊತ್ತಾಗುತ್ತಿರಲಿಲ್ಲ. ಅರ್ಧ ಆಟಕ್ಕೆ ಎರಡು ಗೋಲು ತಿಂದರು. ವಿರಾಮದಲ್ಲಿ ಚಿಕ್ಕಬೈರಪ್ಪ ಬೂಟು ಬಿಚ್ಚಿದ, ಕಾಲುಚೀಲ ರಕ್ತದಲ್ಲಿ ಅಂಟಿಕೊಂಡಿತ್ತು. ರೆಫರಿಯ ಹತ್ತಿರ ಹೋಗಿ, “ಸಾರ್, ಬರಿಗಾಲಲ್ಲಿ ಬಿಡಿ ಸಾರ್, ಉಗುರು ಹೋದ್ರೆ ಹೋಗ್ಲಿ ಸಾರ್” ಎಂದು ಕೈಮುಗಿದ. ಅವರು ಒಳ್ಳೆಯವರೇ, ಹೆಗಲು ಮುಟ್ಟಿ ಆಗುವುದಿಲ್ಲ ಎಂದರು. ಮತ್ತೆ ಹಾಕಿಕೊಂಡ. ಆಮೇಲೆ ನಮಗೊಂದು ಪೆನಾಲ್ಟಿ ಸಿಕ್ಕಿತು. ಅವನೇ ಹೊಡೆಯಲು ಬಂದ. ನೋವಿಗೆ ಹಿಮ್ಮಡಿ ಪೂರ್ತಿ ತೂರಿಸದೆ ದಾರವನ್ನೂ ಬಿಗಿ ಕಟ್ಟಿರಲಿಲ್ಲವೋ ಏನೋ, ಒದ್ದ ರಭಸಕ್ಕೆ ಬೂಟು ಕಳಚಿಕೊಂಡು ಗೋಲಿಯ ಕಡೆಗೆ ಹಾರಿತು, ಚೆಂಡು ಪಕ್ಕಕ್ಕೆ ಉರುಳಿತು. ಗೋಲಿ ಬೂಟನ್ನು ಹಿಡಿದ. ಇಡೀ ಮೈದಾನ ನಕ್ಕಿತು. ಯಾರೋ “ಗೋಲ್! ಗೋಲ್!” ಎಂದು ಕೂಗಿದರು. ಆ ನಗು ನನ್ನ ಎದೆಗೆ ಚುಚ್ಚಿದೆ, ಇನ್ನೂ ಅಲ್ಲೇ ಇದೆ. ಮುನಿವೆಂಕಟಮ್ಮ ಮಾತ್ರ ಏನೂ ಅರ್ಥವಾಗದೆ, “ಗೋಲಾಯ್ತಾ ಮೇಷ್ಟ್ರಮ್ಮಾ?” ಎಂದು ಕೇಳಿದರು. ಇಲ್ಲ ಎಂದೆ. ನಾಲ್ಕು ಗೋಲಿಗೆ ಸೋತೆವು, ನಮ್ಮದು ಒಂದೂ ಇಲ್ಲ.

ಊರಿಗೆ ಬರುವಾಗ ಹುಡುಗರನ್ನೆಲ್ಲ ಗಾಡಿಗಳಲ್ಲಿ ಕೂರಿಸಿ ದೊಡ್ಡವರು ನಡೆದುಬಂದರು. ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ತಿಮ್ಮರಾಯಪ್ಪನವರು ದಾರಿಯುದ್ದಕ್ಕೂ ಒಂದೇ ಮಾತು, “ದಿನ ಚೆನ್ನಾಗಿತ್ತಲ್ಲ, ದಿನ ಚೆನ್ನಾಗಿತ್ತಲ್ಲ.” ನಮ್ಮ ಮನೆಯ ಜಗಲಿಯ ಮೇಲೆ ಹುಡುಗರನ್ನು ಸಾಲಾಗಿ ಕೂರಿಸಿ ಬಿಸಿನೀರಿಗೆ ಅರಿಶಿನ ಹಾಕಿ ಕಾಲು ತೊಳೆದೆ. ಬೇಡ ಅಮ್ಮಾ, ನೀವು ಮುಟ್ಟಬಾರದು ಎಂದು ಕಾಲು ಹಿಂದಕ್ಕೆ ಎಳೆದುಕೊಂಡರು. ಸುಮ್ಮನೆ ಕೂರಿ ಎಂದು ಗದರಿದೆ. ನಿಮ್ಮ ಧ್ವನಿಯಲ್ಲೇ ಗದರಿದೆನೇನೋ, ಎಲ್ಲರೂ ತಟಕ್ಕನೆ ಕೂತರು. ಕೆಲವರು ಅತ್ತರು. ನಾನೂ ಅತ್ತೆ, ಮುಚ್ಚಿಡುವುದೇನು.

ನಿನ್ನೆ ಸೆಕ್ರೆಟರಿಯವರು ಬಂದು, ಶೀಲ್ಡ್ ಬಂದಿದ್ದರೆ ನೋಡಬಹುದಿತ್ತು, ನಿಮ್ಮ ಹುಡುಗರೇ ಕಳೆದುಕೊಂಡರು ಎಂದು ಹೇಳಿ ಕೈತೊಳೆದುಕೊಂಡರು. ಇವತ್ತು ಬೆಳಿಗ್ಗೆ ಮೈದಾನದ ತುಂಬ ಕಲ್ಲು ನೆಟ್ಟಾಯಿತು. ನೀವು ಗೋಲಿಗೆಂದು ನಿಲ್ಲಿಸಿದ್ದ ಸರ್ವೆಮರಗಳನ್ನು ಕಿತ್ತು ಬದಿಗೆ ಹಾಕಿದ್ದಾರೆ. ಜೂನ್‌ನಿಂದ ನಮ್ಮ ಹುಡುಗರು ಜಯನಗರದ ಇನ್ನೊಂದು ಶಾಲೆಗೆ ಸೇರಬೇಕಂತೆ, ಬರುವವರು ಬರಲಿ, ಬಿಡುವವರು ಬಿಡಲಿ. ಅಲ್ಲಿ ಡ್ರಿಲ್ ಮೇಷ್ಟ್ರು ಒಬ್ಬರಿದ್ದಾರೆ, ಇನ್ನೊಬ್ಬರು ಬೇಕಿಲ್ಲವಂತೆ. ಸೋಮಲಿಂಗಪ್ಪನವರು ಈ ಮಾತು ಹೇಳಲು ನಮ್ಮ ಮನೆಗೆ ಬಂದು, ಹೇಳಲಾರದೆ ವಿಮಲಾಳಿಗೆ ಮಗ್ಗಿ ಕೇಳುತ್ತ ಕೂತಿದ್ದರು. ಕೊನೆಗೆ ನಾನೇ, ಗೊತ್ತಾಯಿತು ಬಿಡಿ ಸಾರ್ ಎಂದೆ. ಶಾಲೆಯವರು ಕೊಟ್ಟಿದ್ದ ಈ ಮನೆಯನ್ನೂ ಯುಗಾದಿಯೊಳಗೆ ಬಿಡಬೇಕು. ಗೋಡೆಯ ಮೇಲಿರುವ ಟೀಮುಗಳ ಫೋಟೋಗಳನ್ನು ಶಾಲೆಯವರು ಕೇಳಲಿಲ್ಲ, ನಾನೂ ಕೊಡಲಿಲ್ಲ.

ನನಗೆ ಈಗ ಚಿಂತೆ ಚಿಕ್ಕಬೈರಪ್ಪನದು. ಮೈದಾನ ಹೋದದ್ದು ತನ್ನ ಕಾಲಿನಿಂದ ಎಂದು ಅವನು ತಿಳಿದಿದ್ದಾನೆ. ನಿನ್ನೆ ಬೈರಣ್ಣನ ಜೊತೆ ಹೊಲಕ್ಕೆ ಹೋದವನು ಇವತ್ತು ಶಾಲೆಗೆ ಬರಲಿಲ್ಲ, ಪರೀಕ್ಷೆಗೂ ಕೂರುವುದಿಲ್ಲವಂತೆ. ಕರೆಸಿದೆ. ಲಾರಿಯ ವಿಷಯ ಹೇಳಿದೆ, ಕಲ್ಲು ಶುಕ್ರವಾರವೇ ಬಂದಿತ್ತು ಕಣೋ, ನೀನು ಗೆದ್ದಿದ್ದರೂ ಇಷ್ಟೇ ಆಗುತ್ತಿತ್ತು ಎಂದೆ. “ನಮ್ಮನ್ನ ಸಮಾಧಾನ ಮಾಡೋಕೆ ಹಂಗಂತೀರ ಅಮ್ಮಾ” ಎಂದು ತಲೆ ತಗ್ಗಿಸಿ ಹೊರಟುಹೋದ. ತಿಮ್ಮರಾಯಪ್ಪನವರೂ ನಂಬುವುದಿಲ್ಲ, ಅವರು ಬೂಟುಗಳನ್ನು ನೋಡಿ ನೋಡಿ ತಮ್ಮನ್ನೇ ಬೈದುಕೊಳ್ಳುತ್ತಾರೆ. ಮೋಸ ಮಾಡಿದವರು ಕಾರಿನಲ್ಲಿ ಹೋದರು, ತಪ್ಪನ್ನು ಇವರೆಲ್ಲ ಹಂಚಿಕೊಂಡು ಹೊತ್ತಿದ್ದಾರೆ. ಈ ಹುಡುಗನಿಗೆ ನೀವೇ ಹೇಳಬೇಕು. ನನ್ನದು ಹೆಂಗಸಿನ ಮಾತು, ನಿಮ್ಮದಾದರೆ ಸೀಟಿ ಊದಿದ ಹಾಗೆ, ಅವನು ನಿಂತು ಕೇಳುತ್ತಾನೆ.

ಮನೆಯ ಚಿಂತೆ ಮಾಡಬೇಡಿ. ಮೊದಲು ಅಣ್ಣನನ್ನು ಕೇಳಿದೆ, ಬಸವನಗುಡಿಯ ಅವನ ಮನೆಯಲ್ಲಿ ಹಿತ್ತಲ ಕೋಣೆ ಖಾಲಿಯಿದೆಯಲ್ಲ ಎಂದು. ಅವನು ಹೂಂ ಎಂದು ತಲೆ ಆಡಿಸಿದ. ಅತ್ತಿಗೆ ವಾರಿಜಾ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ನನಗೆ ಕೋಪವಿಲ್ಲ, ಈ ಕಾಯಿಲೆಗೆ ಹೆದರದವರು ಯಾರು. ಹೆದರದವರು ಒಬ್ಬರಿದ್ದಾರೆ. ಚಿಕ್ಕಲಸಂದ್ರದಲ್ಲಿ ಮುನಿವೆಂಕಟಮ್ಮನ ತವರುಮನೆ, ಮುಂದಿನ ಕೋಣೆಯಲ್ಲಿ ಬರೀ ಹುಣಸೆಹಣ್ಣು ತುಂಬಿದ್ದರು. “ಹುಣಸೆಹಣ್ಣು ಅಟ್ಟಕ್ಕೋಗ್ತದೆ, ಮೇಷ್ಟ್ರು ಎಲ್ಲಿಗೋಗ್ತಾರೆ?” ಎಂದು ಇವತ್ತೇ ಖಾಲಿ ಮಾಡಿಸಿದರು. ಗಾಳಿ ಚೆನ್ನಾಗಿದೆ, ಬೆಳಗಿನ ಬಿಸಿಲು ನೇರವಾಗಿ ಮಂಚದ ಮೇಲೆ ಬೀಳುತ್ತದೆ. ಒಲೆ ಬೇರೆ ಹೂಡಿಕೊಳ್ಳಿ ಎಂದು ಅವರೇ ಹೇಳಿದರು, ನನ್ನ ಮಡಿಯ ಚಿಂತೆ ನನಗಿಂತ ಅವರಿಗೆ ಹೆಚ್ಚು. ಸುಣ್ಣ ಬಳಿಯಬೇಕು, ಬಾಗಿಲಿಗೆ ಅಗುಳಿ ಹಾಕಿಸಬೇಕು, ನೀವು ಬರುವಷ್ಟರಲ್ಲಿ ಎಲ್ಲ ಆಗುತ್ತದೆ.

ಕಾಗದ ಉದ್ದವಾಯಿತು, ಓದಿ ದಣಿಯಬೇಡಿ, ಎರಡು ಸಲಕ್ಕೆ ಓದಿ. ಎದ್ದು ಬಂದು ಹೋರಾಡುತ್ತೇನೆ ಎಂದು ಹಾರಾಡಬೇಡಿ, ಹೋರಾಡಲು ಇಲ್ಲಿ ಏನೂ ಉಳಿದಿಲ್ಲ. ವಿಮಲಾ ಅಪ್ಪನಿಗೆ ಮುತ್ತು ಬರೆ ಎಂದಳು, ಬರೆದಿದ್ದೇನೆ. ನಾನು ಅವಳ ಹಿಂದೆ ನಿಂತಿದ್ದೇನೆ ಎಂದು ತಿಳಿದುಕೊಳ್ಳಿ. ಬೆಳಿಗ್ಗೆ ದೇವರಿಗೆ ದೀಪ ಹಚ್ಚುವಾಗ ನಿಮ್ಮ ಹೆಸರನ್ನು ಬಾಯಿಬಿಟ್ಟೇ ಹೇಳುತ್ತೇನೆ, ದೇವರೆದುರು ನಾಚಿಕೆಯೇಕೆ.

ನಿಮ್ಮ ದಾರಿ ನೋಡುವ,
ಕಾತ್ಯಾಯಿನಿ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಅಣ್ಣ ಹೋದ ವಾರ ನಿಮ್ಮನ್ನು ನೋಡಲು ಬಂದಾಗ ದೊಡ್ಡ ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು, ಇನ್ನು ಮನೆಗೆ ಕರೆದುಕೊಂಡು ಹೋಗಬಹುದು ಎಂದರಂತೆ. ತೂಕ ಏರಿತೇ ಎಂದು ಕೇಳಿದೆ. ಅವನು ವಿಮಲಾಳನ್ನು ಎತ್ತಿಕೊಂಡು ಹೊರಗೆ ಹೋದ. ನಾನು ಮತ್ತೆ ಕೇಳಲಿಲ್ಲ, ನೀವೂ ಅಲ್ಲಿ ಯಾರನ್ನೂ ಏನೂ ಕೇಳಬೇಡಿ. ಬರುವ ಭಾನುವಾರ ನಾನೂ ತಿಮ್ಮರಾಯಪ್ಪನವರೂ ಬರುತ್ತೇವೆ, ಟ್ರಂಕು ಕಟ್ಟಿಟ್ಟುಕೊಂಡಿರಿ. ಡ್ರಿಲ್ ಮೇಷ್ಟ್ರು ಗುಣವಾಗಿ ಬರುತ್ತಿದ್ದಾರೆ ಎಂದು ಹುಡುಗರಿಗೆ ಹೇಳಿಬಿಟ್ಟಿದ್ದೇನೆ. ಎಷ್ಟೇ ಸುಸ್ತಾಗಿದ್ದರೂ ಬಸ್ಸಿನಿಂದ ಇಳಿಯುವಾಗ ನನ್ನ ಕೈ ಹಿಡಿಯಬೇಡಿ, ಅವರೆಲ್ಲ ಸಾಲಾಗಿ ನಿಂತಿರುತ್ತಾರೆ.